ಏರಿಯಿಂದ ಕೆಳಗಿಳಿಯದ ಲೇಖಕಿ

ಮೊನ್ನೆ ನಮ್ಮ ಮನೆಗೆ ಒಂದು ಮದುವೆಯ ಕರೆಯೋಲೆ ಬಂತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಗಂಡ ಹೆಂಡತಿ ಇಬ್ಬರೂ ಬಂದು, ಕುಂಕುಮ ಇಟ್ಟು ಕೊಟ್ಟುಹೋದ ಕರೆಯೋಲೆ. ಅವರು ಕಾಫಿ ಕುಡಿದು ಗೇಟು ದಾಟುವಷ್ಟರಲ್ಲಿ ನನ್ನ ಕೈಗೆ ಪೆನ್ಸಿಲ್ ಬಂದಿತ್ತು. ವರನ ಹೆಸರಿನ ಹಿಂದಿದ್ದ 'ವಿದ್ಯಾವಿನಯ ಸಂಪನ್ನ' ಎಂಬ ಮಾತಿನ ಕೆಳಗೆ ಗೆರೆ ಎಳೆದು ಅಂಚಿನಲ್ಲಿ 'ಆಧಾರ?' ಎಂದು ಬರೆದೆ. ಕೊನೆಯಲ್ಲಿ 'ಉಡುಗೊರೆ ಸ್ವೀಕರಿಸುವುದಿಲ್ಲ' ಎಂದಿತ್ತು. ಅದರ ಪಕ್ಕ 'ಇನ್ನೊಂದು ಕಡೆ ವಿಚಾರಿಸಿ ನೋಡಬೇಕು' ಎಂದು ಬರೆದೆ. ಬೇಕೆಂದು ಬರೆದದ್ದಲ್ಲ, ಕೈಯ ಚಾಳಿ. ಆದರೆ ನಮ್ಮ ಯಜಮಾನರು ಅದನ್ನು ದೇವರ ಮುಂದೆ ಇಡಲು ಎತ್ತಿಕೊಂಡವರು ಹಾಗೇ ನಿಂತುಬಿಟ್ಟರು.

"ಅಲ್ಲ ಕಣೇ, ಲಗ್ನಪತ್ರಿಕೇನೂ ವ್ಯಾಲ್ಯುಯೇಷನ್ ಮಾಡಿಬಿಟ್ಯಾ? ಮಾರ್ಕ್ಸ್ ಎಷ್ಟು ಕೊಟ್ಟೆ?" ಎಂದರು.

ಏನು ಮಾಡಲಿ ಹೇಳಿ. ಇದು ಕಸುಬು ಅಂಟಿಸಿದ ರೋಗ. ತರೀಕೆರೆಯಲ್ಲಿ ಮನೆ, ಕಡೂರಿನ ಒಂದು ಕಾಲೇಜಿನಲ್ಲಿ ಇತಿಹಾಸದ ಪಾಠ, ತವರು ಅಜ್ಜಂಪುರ. ಈ ಮೂರೂ ಊರಿನ ನಡುವೆ ಓಡಾಡುತ್ತಾ, ಬೀರೂರಿನಲ್ಲಿ ಬಸ್ಸನ್ನೋ ರೈಲನ್ನೋ ಕಾಯುತ್ತಾ ನನ್ನ ಆಯುಷ್ಯದ ದೊಡ್ಡ ಪಾಲು ಕಳೆದಿದೆ. ಕಾಯುವಾಗ ಸುಮ್ಮನೆ ಕೂರಲಾರೆ. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವಾದರೂ ಸರಿ, ಬಿಡಿಸಿ ಓದಿ, ಒಪ್ಪದ ಕಡೆ ಗುರುತು ಹಾಕಿಯೇ ಎಸೆಯುವುದು. ಓದಿದ್ದನ್ನೆಲ್ಲ ಸುಮ್ಮನೆ ನಂಬಬೇಡಿ, ಅಂಚಿನಲ್ಲಿ ಬರೆದವರ ಜೊತೆ ಜಗಳ ಆಡಿ, ಆಮೇಲೆ ನಾಲ್ಕೈದು ಮೂಲಗಳನ್ನು ಎದುರುಬದುರು ಕೂರಿಸಿ ನಿಮ್ಮ ಮಾತಿನಲ್ಲಿ ಒಂದು ಪ್ರಬಂಧ ಬರೆಯಿರಿ ಎಂದು ಮಕ್ಕಳಿಗೆ ಹೇಳಿಕೊಡುವುದು ಈಗ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿರುವ ಕೆಲಸ. ಕಲಿಸುತ್ತಾ ಕಲಿಸುತ್ತಾ ನನಗೇ ಅಂಟಿತು.

ಹುಟ್ಟಿನಿಂದ ನಾನೇನು ಹೀಗಿರಲಿಲ್ಲ. ನಮ್ಮ ಮನೆಯಲ್ಲಿ ಪುಸ್ತಕದೊಳಗೆ ಬರೆಯುವುದೆಂದರೆ ದೇವರ ಪಟಕ್ಕೆ ಮೀಸೆ ತಿದ್ದಿದಷ್ಟು ದೊಡ್ಡ ಅಪರಾಧ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಒತ್ತಿಕೊಳ್ಳದೆ ಜಾರಿಕೊಂಡರೆ ಅಮ್ಮ ಅಡುಗೆಮನೆಯಿಂದಲೇ ಹೇಗೋ ಕಂಡುಹಿಡಿದು ಕೂಗುತ್ತಿದ್ದರು. ಆದರೆ ನನ್ನ ಪಠ್ಯಪುಸ್ತಕಗಳೆಲ್ಲ ದೊಡ್ಡಪ್ಪನ ಮಗ ಶಂಕರಣ್ಣನಿಂದ ಇಳಿದುಬಂದವು. ಶಂಕರಣ್ಣನಿಗೆ ದೇವರ ಭಯವೂ ಇರಲಿಲ್ಲ, ಅಮ್ಮನ ಭಯವೂ ಇರಲಿಲ್ಲ. ಅವನ ಕೈಗೆ ಸಿಕ್ಕ ರಾಜಮಹಾರಾಜರಿಗೆಲ್ಲ ಕನ್ನಡಕ ಬಂದಿರುತ್ತಿತ್ತು. ಏಳನೇ ತರಗತಿಯ ಸಮಾಜ ಪುಸ್ತಕದಲ್ಲಿ ಒಂದು ಇಡೀ ಪಾಠದ ತಲೆಯ ಮೇಲೆ 'ಇದು ಬರಲ್ಲ' ಎಂದು ದಪ್ಪಕ್ಷರದಲ್ಲಿ ಬರೆದಿದ್ದ. ನಾನು ಪೂರ್ತಿ ನಂಬಿ, ಆ ಪಾಠದ ಹಾಳೆಗಳನ್ನು ಒಟ್ಟಿಗೆ ಪಿನ್ ಹಾಕಿಟ್ಟು ನೆಮ್ಮದಿಯಾಗಿ ಪರೀಕ್ಷೆಗೆ ಹೋದೆ. ಹತ್ತು ಅಂಕದ ಪ್ರಶ್ನೆ ಅದೇ ಪಾಠದಿಂದ ಬಂದಿತ್ತು.

ಅಳುತ್ತಾ ಹೋಗಿ ಕೇಳಿದರೆ ಶಂಕರಣ್ಣ ಮಾವಿನಕಾಯಿ ಕಚ್ಚುತ್ತಾ, "ಲೇ, ಅದು ನಮ್ಮ ವರ್ಷಕ್ಕೆ ಬರೆದಿದ್ದು ಕಣೇ. ನಿಮ್ಮ ವರ್ಷಕ್ಕೂ ಬರಲ್ಲ ಅಂತ ನಾನೆಲ್ಲಿ ಬರೆದಿದ್ದೆ?" ಎಂದ.

ಯಾರು ಬರೆದರು, ಯಾವಾಗ ಬರೆದರು, ಯಾರಿಗಾಗಿ ಬರೆದರು ಎಂದು ನೋಡದೆ ಏನನ್ನೂ ನಂಬಬಾರದು ಎಂದು ನಾನೀಗ ಹಲಗೆಯ ಮೇಲೆ ಬರೆದು ಪಾಠ ಮಾಡುತ್ತೇನಲ್ಲ, ಅದರ ಮೊದಲ ಗುರು ಶಂಕರಣ್ಣನೇ. ಎರಡನೆಯ ಗುರು ಅಪ್ಪ. ಅಪ್ಪ ಅಜ್ಜಂಪುರದ ಪೇಟೆಬೀದಿಯಲ್ಲಿ ಟೈಲರ್. ಹೊಲಿಗೆ ಮಷೀನಿನ ಪಕ್ಕದಲ್ಲಿ ಕೂತು ನಾನು ಬಟ್ಟೆಯ ಚೂರುಗಳನ್ನು ಆರಿಸುತ್ತಿದ್ದೆ. ಅಪ್ಪ ಕತ್ತರಿ ಹಿಡಿಯುವ ಮೊದಲು ಬಟ್ಟೆಯ ಮೇಲೆಲ್ಲ ಸೀಮೆಸುಣ್ಣದಿಂದ ಗೆರೆ, ಅಂಕಿ, ಬಾಣದ ಗುರುತು ಹಾಕುತ್ತಿದ್ದರು. ಹೊಸಾ ಬಟ್ಟೆಯನ್ನು ಹಾಳು ಮಾಡುತ್ತಾರಲ್ಲ ಎಂದು ನನಗೆ ಸಂಕಟ. ಕೇಳಿದ್ದಕ್ಕೆ, "ಹಂಗೇ ಇಟ್ಕೊಂಡ್ರೆ ಇದು ಬರೀ ಬಟ್ಟೆ ಕಣಮ್ಮ. ಗುರುತು ಹಾಕಿ, ಕತ್ತರಿಸಿ, ಹೊಲಿದ್ರೇನೇ ಅಂಗಿ" ಎಂದಿದ್ದರು.

ಅಂಗಿಯ ಮಾತು ನನಗೆ ಕ್ಲಾಸಿನಲ್ಲಿ ಉಪಯೋಗಕ್ಕೆ ಬಂತು. ಮೊದಲ ವರ್ಷ ನಾನು ಹಲಗೆಯ ಮೇಲೆ 'ಸಂಶ್ಲೇಷಣಾತ್ಮಕ ಪ್ರಬಂಧ' ಎಂದು ಬರೆದಾಗ ಇಡೀ ಬಿ.ಎ. ಕ್ಲಾಸು ಬಸ್ಸು ತಪ್ಪಿದವರ ಮುಖ ಮಾಡಿಕೊಂಡಿತು. ಕೊನೆಯ ಬೆಂಚಿನಿಂದ ಒಬ್ಬ ಎದ್ದು, "ಮೇಡಂ, ಇದು ಸಿಲಬಸ್ಸಲ್ಲಿ ಐತಾ?" ಎಂದು ಕೇಳಿದ. ಆಗ ಅಪ್ಪನ ಅಂಗಡಿಯ ಕಥೆ ಹೇಳಿದೆ. ಬೇರೆ ಬೇರೆ ಕಡೆಯಿಂದ ತಂದ ಪ್ಯಾರಾಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಅದು ಕೌದಿ. ತೋಳು ಎಲ್ಲಿ ಬರಬೇಕು, ಕಾಲರ್ ಎಲ್ಲಿ ಬರಬೇಕು ಎಂದು ಯೋಚಿಸಿ ಹೊಲಿದರೆ ಅಂಗಿ ಎಂದೆ. ಅವತ್ತಿನಿಂದ ನಮ್ಮ ಕಾಲೇಜಿನಲ್ಲಿ ಅದಕ್ಕೆ 'ಹೊಲಿಗೆ ಪ್ರಬಂಧ' ಎಂದೇ ಹೆಸರು. ಪ್ರಿನ್ಸಿಪಾಲರು ಕೂಡ ಒಂದು ಸಲ ನೋಟೀಸಿನಲ್ಲಿ ಹಾಗೇ ಬರೆದುಬಿಟ್ಟಿದ್ದಾರೆ.

ಇನ್ನೊಂದು ಉದಾಹರಣೆಯನ್ನೂ ಕೊಡುತ್ತಿರುತ್ತೇನೆ. ಭಾನುವಾರ ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ ಕೆಮ್ಮಣ್ಣುಗುಂಡಿಗೆ ದಾರಿ ಕೇಳುವವರನ್ನು ನೋಡಿ. ಹೂವಿನವಳು ಒಂದು ದಾರಿ ಹೇಳುತ್ತಾಳೆ, ಆಟೋದವನು ಇನ್ನೊಂದು ಹೇಳುತ್ತಾನೆ, ಪೇಪರ್ ಓದುತ್ತಾ ಕೂತ ಹಿರಿಯರು ಇಬ್ಬರದೂ ತಪ್ಪು ಎನ್ನುತ್ತಾರೆ. ಒಬ್ಬರನ್ನೇ ಕೇಳಿ ಹೊರಟವರು ಮಧ್ಯಾಹ್ನ ವಾಪಸ್ಸು ಬಂದು ಅಲ್ಲೇ ನಿಂತಿರುತ್ತಾರೆ. ಮೂವರನ್ನೂ ಕೇಳಿ, ಯಾರು ಯಾಕೆ ಹಾಗೆ ಹೇಳಿದರು ಎಂದು ಒಂದು ನಿಮಿಷ ಯೋಚಿಸಿದವರು ಮಾತ್ರ ಬೆಟ್ಟ ಹತ್ತುತ್ತಾರೆ. ಮಕ್ಕಳು ನಗುತ್ತಾರೆ, ತಲೆಯಾಡಿಸುತ್ತಾರೆ. ಆಮೇಲೆ ಜೆರಾಕ್ಸ್ ಪ್ರತಿ ಕೊಟ್ಟು, ಅಂಚಿನಲ್ಲಿ ಟಿಪ್ಪಣಿ ಬರೆದು ತನ್ನಿ ಎಂದು ಕಳಿಸಿದರೆ ಎಲ್ಲ ಮರೆತಿರುತ್ತಾರೆ.

ಅವರ ಟಿಪ್ಪಣಿಗಳದ್ದೇ ಒಂದು ಪುರಾಣ. ಒಬ್ಬಳು ಹಾಳೆಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಹಳದಿ ಬಣ್ಣ ಬಳಿದು ತಂದಿದ್ದಳು, ಅರಿಶಿನದ ನೀರಿನಲ್ಲಿ ಅದ್ದಿದ ಹಾಗೆ. ಒಬ್ಬ ಎಲ್ಲ ಪ್ಯಾರಾಗೂ 'ಇಂಪಾರ್ಟೆಂಟ್' ಎಂದು ಬರೆದಿದ್ದ. ಇನ್ನೊಬ್ಬ ತಲೆಯಲ್ಲಿ 'ಶ್ರೀ' ಹಾಕಿ ಅಷ್ಟಕ್ಕೇ ನಿಲ್ಲಿಸಿದ್ದ. ಬಹಳ ಮಂದಿಯದು ಒಂದೇ ವಾಕ್ಯ: 'ಲೇಖಕರು ಚೆನ್ನಾಗಿ ಹೇಳಿದ್ದಾರೆ.' ತಪ್ಪು ಅವರದಲ್ಲ. ಅವರ ಮನೆಯಲ್ಲೂ ಪುಸ್ತಕಕ್ಕೆ ಕಾಲು ತಗುಲಿದರೆ ಕೂಗುವ ಅಮ್ಮಂದಿರಿದ್ದಾರೆ. "ಪ್ರಿಂಟ್ ಆಗಿರೋದು ತಪ್ಪಿರ್ತದಾ ಮೇಡಂ?" ಎಂದು ಒಬ್ಬಳು ನಿಜವಾದ ಆತಂಕದಿಂದಲೇ ಕೇಳಿದ್ದಳು.

ಹೋದ ವರ್ಷ ನಾನು ಕೊಟ್ಟ ವಿಷಯ ನಮ್ಮ ಕಡೆಯ ಕೆರೆಗಳು ಮತ್ತು ನೀರಿನ ಹಂಚಿಕೆ. ಐದು ಮೂಲ. ಹಳೆಯ ಗೆಜೆಟಿಯರಿನ ಎರಡು ಪುಟ, ಒಂದು ಪತ್ರಿಕೆಯ ತುಣುಕು, ಕಂದಾಯದ ದಾಖಲೆಯ ಒಂದು ನಕಲು, ಒಂದು ಸ್ಮರಣ ಸಂಚಿಕೆಯಲ್ಲಿ ಬಂದ ಲೇಖನ. ಐದನೆಯದನ್ನು ಮಕ್ಕಳೇ ತರಬೇಕು. ಮನೆಯಲ್ಲೋ ಊರಲ್ಲೋ ಗೊತ್ತಿದ್ದವರನ್ನು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು ಬರಬೇಕು.

ಈಗ ಒಂದು ತಪ್ಪೊಪ್ಪಿಗೆ. ಆ ನಾಲ್ಕನೆಯ ಮೂಲ, ಸ್ಮರಣ ಸಂಚಿಕೆಯ ಲೇಖನ, ನಾನೇ ಬರೆದದ್ದು. ಮೂವತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆಗ ಬರೆಯುವವರಿಗೆಲ್ಲ ಒಂದು ಕಾವ್ಯನಾಮ ಇರಲೇಬೇಕೆಂದು ನನ್ನ ನಂಬಿಕೆ. ನನ್ನದು 'ಪಯಸ್ವಿನಿ'. ಲೇಖನದ ಹೆಸರು 'ಕೆರೆಯೆಂಬ ಕನ್ನಡಿ'. ಸಿಂಗಟಗೆರೆ ಕಡೆಯ ಒಂದು ಹಳ್ಳಿಯ ಕೆರೆಯ ಮೇಲೆ ಬರೆದದ್ದು. ಇದು ನಿಮ್ಮ ಮೇಡಂ ಬರೆದದ್ದು ಎಂದು ಮಕ್ಕಳಿಗೆ ಹೇಳಲಿಲ್ಲ. ಹೇಳಿದರೆ ಹೊಗಳುತ್ತಾರೆ ಎಂಬ ಸಂಕೋಚ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳದಿದ್ದರೂ ಹೊಗಳಲಿ ಎಂಬ ಆಸೆಯೇ ಒಳಗಿದ್ದದ್ದು ಎಂದು ಈಗ ಅನಿಸುತ್ತದೆ.

ಹೊಗಳಿಯೂ ಹೊಗಳಿದರು. 'ಲೇಖಕಿಯ ಶೈಲಿ ಸೊಗಸಾಗಿದೆ' ಎಂಬ ಟಿಪ್ಪಣಿಗಳನ್ನು ಒಂದೊಂದಾಗಿ ಓದುತ್ತಾ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಖುಷಿಪಡುತ್ತಿದ್ದೆ. ಹಾಗೆ ಚೈತ್ರಳ ಪ್ರತಿ ಕೈಗೆ ಬಂತು. ಚೈತ್ರ ಆ ಕ್ಲಾಸಿನ ಚುರುಕು ಹುಡುಗಿ. ಮಾತು ಕಡಿಮೆ, ಆದರೆ ಆಡಿದ ಮಾತಿಗೆ ನಾನು ಉತ್ತರ ಹುಡುಕಬೇಕಾಗುತ್ತಿತ್ತು. ಅವಳ ಗೆಜೆಟಿಯರ್ ಪುಟದ ತುಂಬಾ ಪ್ರಶ್ನೆಗಳಿದ್ದವು. ಕಂದಾಯದ ನಕಲಿನ ಪಕ್ಕ 'ಇದರಲ್ಲಿ ಗದ್ದೆ ಇದೆ, ಗದ್ದೆಯಲ್ಲಿ ಕೆಲಸ ಮಾಡಿದವರಿಲ್ಲ' ಎಂದು ಬರೆದಿದ್ದಳು. ಓದಿ ನನಗೆ ಎದ್ದು ಕುಣಿಯುವ ಹಾಗಾಯಿತು. ಇಂಥ ಹುಡುಗಿ 'ಕೆರೆಯೆಂಬ ಕನ್ನಡಿ'ಯ ಪಕ್ಕ ಬರೆದದ್ದು ಮಾತ್ರ ಎರಡೇ ಪದ: 'ಲೇಖನ ಚೆನ್ನಾಗಿದೆ.'

ಆ ಹಾಳೆಯ ಅಂಚು ಏಕೋ ಮಾಸಿದಂತಿತ್ತು. ಕಿಟಕಿಯ ಕಡೆ ತಿರುಗಿಸಿ, ಸ್ವಲ್ಪ ಓರೆ ಹಿಡಿದು ನೋಡಿದೆ. ಅಳಿಸಿದ ಪೆನ್ಸಿಲ್ ಗುರುತು. ಅವಳದು ಒತ್ತಿ ಬರೆಯುವ ಕೈ, ಹಾಗಾಗಿ ಅಕ್ಷರ ಹೋಗಿದ್ದರೂ ಅದರ ಪಡಿಯಚ್ಚು ಕಾಗದದಲ್ಲಿ ಉಳಿದಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

'ಲೇಖಕಿ ಏರಿಯ ಮೇಲೆ ನಿಂತು ಬರೆದಿದ್ದಾರೆ. ಕೆಳಗೆ ಇಳಿದಿಲ್ಲ.'

'ತೂಬಿನ ಪಕ್ಕದ ಗೌಡರ ಗದ್ದೆಗೆ ಮೊದಲು ನೀರು ಅಂತ ಬರೆದಿದ್ದಾರೆ. ಯಾರು ಹೇಳಿದ್ದು? ಗೌಡರೇ ಹೇಳಿದ್ದಾ?'

'ಗೌಡರ ಹೆಸರು ನಾಲ್ಕು ಸಲ ಇದೆ. ನೀರುಗಂಟಿಗೆ ಹೆಸರಿಲ್ಲವಾ?'

ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದೇಕೆ, ಚೆನ್ನಾಗಿಯೇ ಬಂತು. ಏರಿಯಿಂದ ಇಳಿದಿಲ್ಲ ಎಂದು ಹೇಳಲು ಇವಳು ಆಗ ಹುಟ್ಟಿದ್ದಳೇ? ಹಾಳೆಯನ್ನು ಮೇಜಿನ ಮೇಲೆ ಕುಕ್ಕಿ, ಫ್ಲಾಸ್ಕಿನ ಕಾಫಿ ಕುಡಿದು, ಮತ್ತೆ ಎತ್ತಿಕೊಂಡೆ. ನಿಧಾನವಾಗಿ ಆ ದಿನ ನೆನಪಾಯಿತು. ಕಾಲಲ್ಲಿ ಹೊಸ ಚಪ್ಪಲಿ ಇತ್ತು. ಮಳೆ ನಿಂತು ಗದ್ದೆಯ ಬದುವೆಲ್ಲ ಕೆಸರಾಗಿತ್ತು. ಏರಿಯ ಮೇಲೆ ಛತ್ರಿ ಹಿಡಿದು ನಿಂತು, ಗೌಡರು ಕೈ ತೋರಿಸಿದ ಕಡೆಯೆಲ್ಲ ನೋಡಿ, ಅವರ ಮನೆಯಲ್ಲಿ ಎರಡು ಒಬ್ಬಟ್ಟು ತಿಂದು, ಮಧ್ಯಾಹ್ನದ ಬಸ್ಸಿಗೆ ಓಡಿಬಂದಿದ್ದೆ. ದೂರದಲ್ಲಿ ಒಬ್ಬ ಸಣಕಲು ಮನುಷ್ಯ ಸನಿಕೆ ಹಿಡಿದು ಕಾಲುವೆಯಲ್ಲಿ ಬಗ್ಗಿದ್ದ. ಅವನೇ ಕೆರೆಯ ನೀರು ಹಂಚುವ ನೀರುಗಂಟಿ ಎಂದು ಗೌಡರು ಹೇಳಿದ್ದರು. 'ಗೌಡರ ಅಪ್ಪಣೆಯಂತೆ ನೀರುಗಂಟಿಯೊಬ್ಬನು ಮೊದಲು ಮೇಲಿನ ಗದ್ದೆಗೆ ನೀರು ಹಾಯಿಸುತ್ತಿದ್ದನು' ಎಂದು ಬರೆದೆ. ಐದು ಮೂಲ ಬೇಕು ಎಂದು ಮಕ್ಕಳ ಪ್ರಾಣ ತಿನ್ನುವ ನಾನು ಒಂದೇ ಒಂದು ಮೂಲ ಇಟ್ಟುಕೊಂಡು, ಅದೂ ಒಬ್ಬಟ್ಟು ಹಾಕಿದ ಮೂಲವನ್ನು ಇಟ್ಟುಕೊಂಡು, ಪಯಸ್ವಿನಿಯಾಗಿ ಹರಿದುಬಿಟ್ಟಿದ್ದೆ.

ಮಾರನೆಯ ದಿನ ಚೈತ್ರಳನ್ನು ಕರೆದು ಆ ಹಾಳೆ ಮುಂದಿಟ್ಟು, "ಯಾಕಮ್ಮ ಅಳಿಸಿದೆ?" ಎಂದೆ.

ಅವಳು ನೆಲ ನೋಡಿದಳು. "ಲೈಬ್ರರಿ ನಜೀರ್ ಸರ್ ಹೇಳಿದ್ರು ಮೇಡಂ, ಪಯಸ್ವಿನಿ ಅಂದ್ರೆ ನೀವೇ ಅಂತ."

ನಜೀರ್ ಸಾಹೇಬರು ನಮ್ಮ ಲೈಬ್ರರಿಯನ್. ನಾನೂ ಅವರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಆ ಸಂಚಿಕೆ ಬಂದಾಗ ನಾನು ಇಡೀ ಕಾಲೇಜಿಗೆ ಹಂಚಿದ್ದನ್ನು ಮರೆಯದೆ ಇರುವವರು ಅವರೊಬ್ಬರೇ.

"ನಾನಾದರೆ ಏನೀಗ?"

"ಇಂಟರ್ನಲ್ಸು ನಿಮ್ ಕೈಲೈತಲ್ಲ ಮೇಡಂ" ಎಂದಳು. ಆಮೇಲೆ, "ಆ ನೀರುಗಂಟಿ ನಮ್ ತಾತ ಮೇಡಂ. ತಿಮ್ಮಯ್ಯ ಅಂತ. ತೀರ್ಕೊಂಡು ಎಂಟು ವರ್ಷ ಆಯ್ತು" ಎಂದಳು.

ಅವಳೇ ಮುಂದುವರಿಸಿದಳು. "ಐದನೇ ಮೂಲಕ್ಕೆ ಅಂತ ಅಜ್ಜೀನ ಕೇಳಕ್ಕೆ ಹೋಗಿದ್ದೆ. ಅದಕ್ಕೂ ಮೊದ್ಲು ನಿಮ್ ಲೇಖನ ಓದಿ ಹೇಳ್ದೆ. ಅಜ್ಜಿ ಊಟದ ಮುಂದಿನಿಂದ ಎದ್ದೋಗ್ಬಿಟ್ರು. ತಾತ ಯಾವತ್ತೂ ಕೊನೇ ಗದ್ದೆಗೇ ಮೊದ್ಲು ನೀರು ಬಿಡ್ತಿದ್ದಿದ್ದಂತೆ. ಗೌಡ್ರು ಬೈದ್ರೂ ಕೇಳ್ತಿರ್ಲಿಲ್ವಂತೆ. ಅಚ್ಚಲ್ಲಿ ಬಂದ್ಮೇಲೆ ಇನ್ನೇನ್ಮಾಡದು, ಅದೇ ನಿಜ ಆಯ್ತದೆ ಅಂದ್ರು ಮೇಡಂ."

ನಾನು ನನ್ನ ಪೆನ್ಸಿಲನ್ನು ಅವಳ ಕೈಗೆ ಕೊಟ್ಟು, ಅಳಿಸಿದ್ದನ್ನೆಲ್ಲ ಮತ್ತೆ ಬರೆಯಲು ಹೇಳಿದೆ. ಬರೆದಳು, ಮೊದಲಿಗಿಂತ ಒತ್ತಿ. ನಿನ್ನ ಪ್ರಬಂಧ ಸರಿಯಾಗಿ ಬಂದರೆ ಈ ವರ್ಷದ ಕಾಲೇಜು ಸಂಚಿಕೆಯಲ್ಲಿ ಹಾಕಿಸುತ್ತೇನೆ, ಅಚ್ಚಿಗೆ ಅಚ್ಚೇ ಉತ್ತರ ಕೊಡಲಿ ಎಂದೆ. ಅವಳ ಮುಖ ಅರಳಿತು. ಅಂದಿನಿಂದ ಆ ಪ್ರಬಂಧ ಅಂಕದ ವಿಷಯವಾಗಿ ಉಳಿಯಲಿಲ್ಲ. ತಾತನ ಹೆಸರನ್ನು ಕಾಗದದ ಮೇಲೆ ನಿಲ್ಲಿಸುವುದೊಂದೇ ಅವಳಿಗೆ ಬೇಕಿತ್ತು. ನನಗೂ ಅದೇ ಬೇಕಿತ್ತು, ಸ್ವಲ್ಪ ನಾಚಿಕೆಯ ಜೊತೆಗೆ.

ಆ ಶನಿವಾರ ಕ್ಲಾಸು ಮುಗಿಸಿ ಅವಳ ಜೊತೆ ನಾನೂ ಬಸ್ಸು ಹತ್ತಿದೆ. ಸಿಂಗಟಗೆರೆಯಲ್ಲಿ ಇಳಿದು ಆಟೋದಲ್ಲಿ ಹಳ್ಳಿಗೆ ಹೋದೆವು. ಚೈತ್ರಳ ಅಜ್ಜಿ ಹನುಮಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತು, ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಕುಡುಗೋಲು, ಕಣ್ಣು ಮಾತ್ರ ಭಾರಿ ಚುರುಕು. ಕ್ಷಮೆ ಕೇಳಲು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ನಾನು ಶುರುಮಾಡುವ ಮೊದಲೇ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕುಡುಗೋಲು ಕೆಳಗಿಟ್ಟರು.

"ನೀವು ಛತ್ರಿ ಮೇಡಮ್ಮೋರಲ್ವಾ?" ಎಂದರು. "ನಾವೆಲ್ಲ ನಾಟಿ ಹಾಕ್ತಿದ್ವಿ. ನೀವು ಏರಿ ಮ್ಯಾಲೆ ನಿಂತಿದ್ರಿ. ಈಗ ಇಳೀತಾರೆ, ಇನ್ನೊಂದ್ ಗಳಿಗೇಲಿ ಇಳೀತಾರೆ ಅಂತ ನಾವು ನೋಡ್ತಾನೇ ಇದ್ವಿ. ನೀವು ಇಳೀಲೇ ಇಲ್ಲ."

"ಚಪ್ಪಲಿ ಹೊಸದಿತ್ತು ಹನುಮಕ್ಕ" ಎಂದೆ. ಬೇರೆ ಏನು ಹೇಳಲಿ.

ಅವರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎದ್ದು, "ಇವತ್ತು ಹಳೇದು ಹಾಕ್ಕೊಂಡಿದೀರಲ್ಲ, ಬನ್ನಿ" ಎಂದು ನನ್ನ ಕೈ ಹಿಡಿದು ನಡೆಸಿಕೊಂಡೇ ಹೋದರು. ಮೂವತ್ತು ವರ್ಷ ತಡವಾಗಿ ನಾನು ಏರಿಯಿಂದ ಇಳಿದೆ. ತೂಬಿನ ಕಲ್ಲು, ಅಲ್ಲಿಂದ ಹೊರಟ ಕಾಲುವೆ, ಕಾಲುವೆಯ ಎರಡೂ ಕಡೆ ಗದ್ದೆಗಳು, ಎಲ್ಲಕ್ಕಿಂತ ಕೊನೆಗೆ ತಗ್ಗಿನಲ್ಲಿ ಸಣ್ಣ ಸಣ್ಣ ಮಡಿಗಳು. ಹನುಮಕ್ಕ ಒಂದು ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ತೋರಿಸಿದರು.

"ಇವ್ಳ ತಾತ ಈ ಕೊನೇ ಮಡೀಲಿ ಹಿಂಗೆ ಕಡ್ಡಿ ನೆಡೋನು. ನಾಕ್ ಬೆರಳು ನೀರು ನಿಂತು ಕಡ್ಡಿ ಮುಳುಗೋಗಂಟ ಮ್ಯಾಲಿನ ಗದ್ದೆ ಬಾಯಿ ಬಿಚ್ತಿರ್ಲಿಲ್ಲ. ಮ್ಯಾಲಿನೋರ್ಗೆ ಏನವ್ವ, ಹಾದು ಹೋಗೋ ನೀರೇ ಒಸರ್ತದೆ. ಕೊನೆಯೋನ್ಗೆ ಯಾರು ಕೊಡ್ತಾರೆ?"

ಚೈತ್ರ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ನಾನೂ ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಪುಸ್ತಕ ಹಿಡಿದು, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬರೆದೆ. ಇತಿಹಾಸದ ಮೇಷ್ಟರಾಗಿ ಅಷ್ಟು ಸಂತೋಷಪಟ್ಟ ಮಧ್ಯಾಹ್ನ ಇನ್ನೊಂದು ನೆನಪಿಲ್ಲ. ತಿರುಗಿ ಬಂದ ಮೇಲೆ ಬಿಸಿ ಮುದ್ದೆ, ಬಸ್ಸಾರು. ಊಟ ಹಾಕಿದ ಮೂಲ ಎಂದು ಇದನ್ನೂ ಅನುಮಾನಿಸಬೇಕೇ ಎಂದು ಚೈತ್ರಳನ್ನು ಕೇಳಿದೆ. "ಅನುಮಾನ ಪಡ್ಲೇಬೇಕು ಮೇಡಂ" ಎಂದು ನಗದೆ ಹೇಳಿ ಇನ್ನೊಂದು ಸೌಟು ಸಾರು ಬಡಿಸಿದಳು.

ವಾರದೊಳಗೆ ಪ್ರಬಂಧ ಬಂತು. ಏನು ಹೊಲಿಗೆ ಅಂತೀರಿ. ಗೆಜೆಟಿಯರಿನಿಂದ ಕೆರೆಯ ಅಳತೆ ತೆಗೆದುಕೊಂಡಿದ್ದಳು, ಪತ್ರಿಕೆಯಿಂದ ಒಂದು ಬರದ ವರ್ಷದ ಸುದ್ದಿ, ಕಂದಾಯದ ನಕಲಿನಿಂದ ಯಾವ ಗದ್ದೆ ಯಾರದು ಎಂಬ ವಿವರ. 'ನಾಲ್ಕನೆಯ ಮೂಲದ ಲೇಖಕಿ ತೂಬಿನ ಕಲ್ಲನ್ನು ಚೆನ್ನಾಗಿ ವರ್ಣಿಸಿದ್ದಾರೆ. ನೀರಿನ ಸರದಿಯ ವಿಷಯದಲ್ಲಿ ಅವರ ಮಾತನ್ನು ಒಪ್ಪಲು ಆಗುವುದಿಲ್ಲ' ಎಂದು ಬರೆದಿದ್ದಳು. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಬೈದಿರಲಿಲ್ಲ. ಕೊನೆಗೆ ತಾತನ ಕಥೆ. ತಿಮ್ಮಯ್ಯನವರು ಎಂದು ಹೆಸರು ಹಿಡಿದು, ಯಾವತ್ತೂ ಯಾರ ಮುಲಾಜಿಗೂ ಸರದಿ ತಪ್ಪಿಸದ ನ್ಯಾಯವಂತ ಎಂದು ಮುಗಿಸಿದ್ದಳು.

ನಮ್ಮ ಕ್ಲಾಸಿನಲ್ಲಿ ಒಂದು ನಿಯಮವಿದೆ. ಯಾರ ಮಾತನ್ನು ಬರೆದುಕೊಂಡಿದ್ದೀರೋ ಅವರಿಗೆ ಅದನ್ನು ಓದಿ ಹೇಳಿ, ಸರಿ ಎನಿಸಿಕೊಂಡೇ ಕೊಡಬೇಕು. ಆ ಭಾನುವಾರ ಚೈತ್ರ ಅಜ್ಜಿಗೆ ಓದಿ ಹೇಳುವಾಗ ನಾನೂ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಹೋಗದೆ ಇರಲು ಆಗಲಿಲ್ಲ, ಅಷ್ಟೆ. ಹನುಮಕ್ಕ ಕಣ್ಣು ಮುಚ್ಚಿ ಕೇಳಿದರು. ಅಳತೆಯ ಭಾಗಕ್ಕೆ ಆಕಳಿಸಿದರು. ನನ್ನನ್ನು ಬೈದ ಭಾಗಕ್ಕೆ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದರು. ಕೊನೆಯ ಪ್ಯಾರಾ ಮುಗಿದ ಮೇಲೆ ಎರಡೂ ಕಣ್ಣು ತೆರೆದರು. ಆಮೇಲೆ, "ಒಂದ್ ವರ್ಷ ತಪ್ಪಿದ್ದ" ಎಂದರು.

"ಏನಜ್ಜಿ?"

"ಸರದಿ. ಒಂದ್ ವರ್ಷ ತಪ್ಸಿದ್ದ ನಿಮ್ ತಾತ. ತೂಬಿನ ಪಕ್ಕ ಗೌಡ್ರು ಗದ್ದೆ ಐತಲ್ಲ, ಆ ವರ್ಷ ಅದ್ನ ನಾವೇ ವಾರಕ್ಕೆ ಮಾಡಿದ್ವಿ, ಬೆಳೇಲಿ ಅರ್ಧ ಅವ್ರಿಗೆ ಅರ್ಧ ನಮ್ಗೆ ಅಂತ. ನಿಮ್ಮಪ್ಪ ಹೊಟ್ಟೇಲಿದ್ದ. ಪೈರು ಒಣಗ್ತಾ ಬಂದಿತ್ತು. ನೀರು ಬಿಡೋನೇ ನನ್ ಗಂಡ, ನನ್ ಪೈರಿಗೇ ನೀರಿಲ್ಲ. ನಾಕ್ ದಿನ ಅವನ ಕೂಡೆ ಮಾತು ಬಿಟ್ಟೆ. ಐದ್ನೇ ದಿನ ಹೋದ, ನೀರ್ನೆಲ್ಲ ನಮ್ ಗದ್ದೆಗೆ ತಿರುಗಿಸ್ದ. ಅದ್ನ ಗೌಡ್ರು ನೋಡಿದ್ರು. ನಮ್ ಗದ್ದೆಗೇ ಮೊದ್ಲು ನೀರು ಅಂತ ಸಾಯೋಗಂಟ ಹೇಳ್ಕೊಂಡು ತಿರುಗಿದ್ರು."

ನಾನು ನಕ್ಕುಬಿಟ್ಟೆ. ಚೈತ್ರ ನಗಲಿಲ್ಲ. ಅವಳ ಮುಖ ಇಳಿದುಹೋಗಿತ್ತು. "ಮೊದ್ಲೇ ಯಾಕಜ್ಜಿ ಹೇಳ್ಲಿಲ್ಲ?" ಎಂದಳು.

"ಯಾರಿಗೆ ಮೊದ್ಲು ನೀರು ಬಿಡ್ತಿದ್ದ ಅಂತ ಕೇಳಿದ್ರಿ, ಹೇಳ್ದೆ. ಯಾವತ್ತಾದ್ರೂ ತಪ್ಪಿದ್ನಾ ಅಂತ ಇಬ್ರಲ್ಲಿ ಒಬ್ರಾದ್ರೂ ಕೇಳಿದ್ರಾ?"

ಹುಡುಗಿಯ ಮುಖ ನೋಡಲಾಗಲಿಲ್ಲ. ತಾತನ ಹೆಸರು ಮೊದಲ ಸಲ ಅಚ್ಚಾಗಲಿದೆ, ಅದರಲ್ಲೇ ತಾತನ ತಪ್ಪೂ ಅಚ್ಚಾಗಬೇಕು. "ಬಿಡು ಚೈತ್ರ, ಒಂದು ವರ್ಷದ ಮಾತಲ್ವಾ. ಅದನ್ನೊಂದು ಬರೀದೇ ಇದ್ದರೆ ಏನೂ ಆಗಲ್ಲ" ಎಂದೆ. ಹೌದು, ನಾನೇ ಅಂದೆ.

ಅವಳು ಪೆನ್ಸಿಲಿನ ತುದಿ ನೋಡಿದಳು. ಆಮೇಲೆ, "ಬಿಡಕ್ಕಾಗಲ್ಲ ಮೇಡಂ. ನಿಮ್ದು ಬಿಡ್ಲಿಲ್ವಲ್ಲ" ಎಂದಳು.

ಜಗಲಿಯ ಮೇಲೆ ಬೋರಲಾಗಿ ಮಲಗಿ, ಕೊನೆಯ ಪ್ಯಾರಾ ಹೊಡೆದುಹಾಕಿ, ಹೊಸದಾಗಿ ಬರೆದಳು. ಎರಡು ಸಲ ತಿದ್ದಿದಳು. ಹನುಮಕ್ಕನಿಗೆ ಕಾಯಲು ತಾಳ್ಮೆಯಿಲ್ಲ, "ಏನ್ ಬರ್ದೆ ಓದೇ" ಎಂದು ಮೊಮ್ಮಗಳ ಕಾಲಿಗೆ ತೆಂಗಿನ ಕಡ್ಡಿಯಿಂದ ತಿವಿಯುತ್ತಿದ್ದರು. ಕೊನೆಗೆ ಅವಳು ಎದ್ದು ಕೂತು ಓದಿದಳು.

"ನಮ್ಮ ತಾತ ತಿಮ್ಮಯ್ಯನವರು ಕೊನೆಯ ಗದ್ದೆಗೇ ಮೊದಲು ನೀರು ಕೊಡುತ್ತಿದ್ದರು. ಒಂದು ವರ್ಷ ಮಾತ್ರ, ನಮ್ಮ ತಂದೆ ಹೊಟ್ಟೆಯಲ್ಲಿದ್ದಾಗ, ಅಜ್ಜಿ ಮಾತು ಬಿಟ್ಟಿದ್ದಕ್ಕೆ, ತೂಬಿನ ಪಕ್ಕದ ಗದ್ದೆಗೆ ಮೊದಲು ಬಿಟ್ಟರು. ಗೌಡರು ಸುಳ್ಳು ಹೇಳಲಿಲ್ಲ. ಅವರು ಆ ಒಂದು ವರ್ಷವನ್ನೇ ಎಲ್ಲ ವರ್ಷ ಅಂದುಕೊಂಡರು."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಇಷ್ಟು ವರ್ಷ ಕಲಿಸಲು ಒದ್ದಾಡಿದ್ದೆಲ್ಲ ಆ ನಾಲ್ಕು ಸಾಲಿನಲ್ಲಿತ್ತು, ಮತ್ತು ಅದನ್ನು ನಾನು ಕಲಿಸಿದ್ದಾಗಿರಲಿಲ್ಲ. ಹನುಮಕ್ಕ ಇನ್ನೊಂದು ಸಲ ಓದಿಸಿದರು. ಎರಡನೆಯ ಸಲ 'ಮಾತು ಬಿಟ್ಟಿದ್ದಕ್ಕೆ' ಎಂಬಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಗು ನಿಂತ ಮೇಲೂ ಸೆರಗು ಕಣ್ಣಿನ ಹತ್ತಿರ ಸ್ವಲ್ಪ ಹೊತ್ತು ಹಾಗೇ ಇತ್ತು.

"ಮೊದ್ಲು ಬರ್ದಿದ್ಯಲ್ಲ, ಅವ್ನು ಯಾರೋ ದೇವ್ರಂಥೋನು" ಎಂದರು. "ಇವ್ನು ನನ್ ಗಂಡ."